ಅಪ್ಪನ ಲಿವರ್ ಗಡ್ಡೆಗೆ ಕೀಹೋಲ್ ಆಪರೇಷನ್ ಸಾಕಾ, ಹೊಟ್ಟೆ ತೆರೆಯಲೇಬೇಕಾ?

ಮಳೆಹನಿ | ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಹದಿನೈದು ವರ್ಷದ ಹಿಂದೆ ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಆಗಿನಿಂದ ಮಾತ್ರೆ ನಡೆಯುತ್ತಿದೆ. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಿಲ್ಲ. ಈ ಸಲ ಹೊಸದೊಂದು ಗಡ್ಡೆ ಕಂಡಿತು. ಸಿಟಿ ಮಾಡಿಸಿದೆವು. 3.2 ಸೆಂ.ಮೀ., ಲಿವರಿನ ಆರನೇ ಸೆಗ್ಮೆಂಟ್ (ಲಿವರನ್ನು ಎಂಟು ಭಾಗ ಮಾಡಿ ಎಣಿಸುತ್ತಾರಂತೆ, ಅದರಲ್ಲಿ ಆರನೆಯದು). ಕ್ಯಾನ್ಸರ್ ಎಂದರು. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ ಇದೆ, ಆದರೆ ಇನ್ನೂ ಶುರುವಿನ ಹಂತ ಎಂದರು.

ಸರ್ಜನ್ ನಾಲ್ಕೈದು ತೂತು ಮಾಡಿ ಕ್ಯಾಮೆರಾ ಹಾಕಿ ತೆಗೆಯುತ್ತೇನೆ ಎನ್ನುತ್ತಾರೆ. ದೊಡ್ಡಪ್ಪ ಒಪ್ಪುತ್ತಿಲ್ಲ. "ಕ್ಯಾನ್ಸರ್ ಅಂದ ಮೇಲೆ ಹೊಟ್ಟೆ ತೆರೆದು, ಕೈಯಲ್ಲಿ ಮುಟ್ಟಿ, ಪೂರ್ತಿ ನೋಡಿ ತೆಗೆಯಬೇಕು. ಟಿವಿ ನೋಡಿಕೊಂಡು ಕೊಯ್ದರೆ ಏನಾದರೂ ಉಳಿದುಬಿಡುತ್ತದೆ" ಎಂದು ದಿನಾ ಫೋನ್ ಮಾಡುತ್ತಾರೆ. ಅವರ ಭಯ ನನಗೂ ಅಂಟಿಕೊಂಡಿದೆ. ಅಪ್ಪ ಮಾತ್ರ "ನೀನು ಹೇಳಿದ ಹಾಗೆ" ಎಂದು ಸುಮ್ಮನೆ ಕೂತಿದ್ದಾರೆ. ಆಪರೇಷನ್‌ಗೆ ಇನ್ನು ಹನ್ನೆರಡು ದಿನ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಓಟಿ ಸಿಸ್ಟರ್ | ಭಾನುವಾರ, ರಾತ್ರಿ 11:55

ಮಳೆಹನಿ, ಹನ್ನೊಂದು ವರ್ಷ ಲಿವರ್ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಪಕ್ಕ ನಿಂತು ಉಪಕರಣ ಕೊಟ್ಟವಳು ನಾನು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತೂತು ಚಿಕ್ಕದು, ಆಪರೇಷನ್ ಚಿಕ್ಕದಲ್ಲ. ಒಳಗೆ ಲಿವರ್ ಕೊಯ್ಯುವ ಕೆಲಸ ಎರಡರಲ್ಲೂ ಒಂದೇ. ಅಲ್ಲಿಗೆ ಹೋಗುವ ದಾರಿ ಮಾತ್ರ ಬೇರೆ. ಇದನ್ನು ಅಪ್ಪನಿಗೂ ಹೇಳಿ. ಕೆಲವರು ಏನೋ ಸಣ್ಣದು ಎಂದುಕೊಂಡು ಬರುತ್ತಾರೆ. ಎಚ್ಚರವಾದಾಗ ಐಸಿಯುನಲ್ಲಿರುವುದು ನೋಡಿ ಹೆದರುತ್ತಾರೆ.

ಇನ್ನು ಕೈಯಲ್ಲಿ ಮುಟ್ಟುವ ವಿಷಯ. ಅದು ನಿಜ, ತೆರೆದಾಗ ಸರ್ಜನ್ ಲಿವರನ್ನು ಅಂಗೈಯಲ್ಲಿ ಹಿಡಿದು ಒತ್ತಿ ನೋಡುತ್ತಾರೆ. ಕೀಹೋಲ್‌ನಲ್ಲಿ ಅದು ಆಗುವುದಿಲ್ಲ. ಆದರೆ ಬದಲಿಗೆ ಏನು ಮಾಡುತ್ತಾರೆ ಗೊತ್ತಾ? ಪೆನ್ನಿನಷ್ಟು ದಪ್ಪದ ಅಲ್ಟ್ರಾಸೌಂಡ್ ಕಡ್ಡಿಯನ್ನು ಒಂದು ತೂತಿನಿಂದ ಒಳಗೆ ಬಿಟ್ಟು, ನೇರವಾಗಿ ಲಿವರಿನ ಮೈಮೇಲೆ ಇಟ್ಟು ಸವರುತ್ತಾರೆ. ಚರ್ಮ, ಕೊಬ್ಬು, ಪಕ್ಕೆಲುಬು ಯಾವುದೂ ಅಡ್ಡ ಇಲ್ಲ. ಹೊರಗಿನ ಸ್ಕ್ಯಾನಿನಲ್ಲಿ ಕಾಣದ ಚಿಕ್ಕ ಗಡ್ಡೆಯೂ ಇದರಲ್ಲಿ ಕೆಲವೊಮ್ಮೆ ಸಿಗುತ್ತದೆ. ಗಡ್ಡೆ ಎಲ್ಲಿದೆ, ಅದರ ಪಕ್ಕ ಯಾವ ರಕ್ತನಾಳ ಹೋಗಿದೆ ಎಂದು ನೋಡಿಕೊಂಡು ಲಿವರಿನ ಮೇಲೆ ಸುಟ್ಟ ಗೆರೆ ಎಳೆಯುತ್ತಾರೆ. ಆ ಗೆರೆಯ ಮೇಲೇ ಕೊಯ್ತ.

ಆರನೇ ಸೆಗ್ಮೆಂಟ್ ಅಂದರೆ ಲಿವರಿನ ಬಲಭಾಗದಲ್ಲಿ ಹಿಂದೆ, ಕೆಳಗೆ. ಹಾಗಾಗಿ ಬಲಪಕ್ಕವನ್ನು ಎತ್ತಿ ಎಡಕ್ಕೆ ವಾಲಿಸಿ ಮಲಗಿಸುತ್ತಾರೆ. ಲಿವರ್ ತನ್ನ ಭಾರಕ್ಕೆ ತಾನೇ ಎಡಕ್ಕೆ ಜಾರಿ ಜಾಗ ಬಿಡುತ್ತದೆ. ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಒತ್ತಡ ಹೆಚ್ಚಾಗಿ 12 ಮಿ.ಮೀ. ಪಾದರಸದ ಆಸುಪಾಸು. ಈ ಒತ್ತಡದಿಂದ ಒಂದು ಉಪಕಾರ ಇದೆ. ಕೊಯ್ದ ಜಾಗದಲ್ಲಿ ಸಣ್ಣ ಸಣ್ಣ ನಾಳಗಳಿಂದ ಜಿನುಗುವ ರಕ್ತ ಕಮ್ಮಿಯಾಗುತ್ತದೆ. ಅರಿವಳಿಕೆ ಡಾಕ್ಟರು ಕೂಡ ಕೊಯ್ಯುವ ಹೊತ್ತಿನಲ್ಲಿ ಡ್ರಿಪ್ ಬಿಗಿಹಿಡಿದು ಅಭಿಧಮನಿಯ ಒತ್ತಡ ಇಳಿಸಿಟ್ಟಿರುತ್ತಾರೆ.

ಲಿವರಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅದಕ್ಕೇ ಅದರ ಬುಡದಲ್ಲಿ ಒಂದು ಪಟ್ಟಿ ಸುತ್ತಿಟ್ಟುಕೊಳ್ಳುತ್ತೇವೆ. ಬೇಕಾದಾಗ ಬಿಗಿದರೆ ಒಳಗೆ ಬರುವ ರಕ್ತ ನಿಲ್ಲುತ್ತದೆ. 15 ನಿಮಿಷ ಬಿಗಿ, 5 ನಿಮಿಷ ಸಡಿಲ. ಗಡಿಯಾರ ನೋಡಿ ಕೂಗಿ ಹೇಳುವ ಕೆಲಸ ನನ್ನದಾಗಿತ್ತು. "ಹದಿಮೂರು ನಿಮಿಷ ಸರ್" ಎಂದರೆ ಇಡೀ ರೂಮ್ ಗಪ್‌ಚುಪ್. ಈ ಉಪಾಯ ಹೊಸದಲ್ಲ. 1908ರಲ್ಲೇ ಪ್ರಿಂಗಲ್ ಎಂಬ ಸರ್ಜನ್ ಬರೆದಿಟ್ಟದ್ದು. ನಮ್ಮಲ್ಲಿ ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತೇವೆ.

ಉಳಿದದ್ದು ನಾಳೆ ಬರೆಯುತ್ತೇನೆ. ಬೆಳಿಗ್ಗೆ ಡ್ಯೂಟಿ ಇದೆ.

ನೀಲಿಶಾಯಿ | ಸೋಮವಾರ, ಬೆಳಿಗ್ಗೆ 7:10

ನನಗೇ ಆಗಿದೆ. ಎರಡು ವರ್ಷ ಆಯಿತು. ಮೂರನೇ ಸೆಗ್ಮೆಂಟ್, ಎಡಗಡೆ ತುದಿ. ಐದು ತೂತು, ಗಡ್ಡೆ ಹೊರತೆಗೆಯಲು ಕಿಬ್ಬೊಟ್ಟೆಯಲ್ಲಿ ಒಂದು ಉದ್ದ ಗೆರೆ. ಮಾರನೇ ದಿನ ನಡೆಸಿದರು. ನಾಲ್ಕನೇ ದಿನ ಮನೆ.

ಯಾರೂ ನನಗೆ ಹೇಳದೆ ಇದ್ದದ್ದು ಭುಜದ ನೋವು. ಹೊಟ್ಟೆ ಕೊಯ್ದಿದ್ದಾರೆ, ನೋವು ಬಲ ಭುಜದಲ್ಲಿ! ಹೃದಯಕ್ಕೆ ಏನೋ ಆಯಿತು ಎಂದು ರಾತ್ರಿ ಬೆಲ್ ಒತ್ತಿದೆ. ಉಳಿದ ಗ್ಯಾಸ್ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗಿ, ಅದೇ ನರದ ದಾರಿಯಲ್ಲಿ ಭುಜದಲ್ಲಿ ನೋವು ಕಾಣಿಸುತ್ತದಂತೆ. ಎರಡು ದಿನದಲ್ಲಿ ಹೋಯಿತು. ಅಪ್ಪನಿಗೆ ಮೊದಲೇ ಹೇಳಿಡಿ.

ಹಳೇಮರ | ಸೋಮವಾರ, ಬೆಳಿಗ್ಗೆ 9:32

ದೊಡ್ಡಪ್ಪನ ಮಾತನ್ನು ತಳ್ಳಿಹಾಕಬೇಡಿ. ನನ್ನ ಅಕ್ಕನಿಗೆ ಹಿಂದೆ ಹೊಟ್ಟೆ ತೆರೆದೇ ಲಿವರ್ ಗಡ್ಡೆ ತೆಗೆದರು. ಹತ್ತೊಂಬತ್ತು ವರ್ಷ ಆಯಿತು, ಇವತ್ತಿಗೂ ಚೆನ್ನಾಗಿದ್ದಾಳೆ. ಕ್ಯಾನ್ಸರ್ ವಿಷಯದಲ್ಲಿ ಗಾಯದ ಅಂದ ನೋಡಬಾರದು. ಗಡ್ಡೆಯ ಸುತ್ತ ಒಳ್ಳೆಯ ಅಂಚು ಸೇರಿಸಿ ಪೂರ್ತಿ ಬಂತಾ ಎನ್ನುವುದಷ್ಟೇ ಮುಖ್ಯ. ಗ್ಯಾಸ್ ಹಾಕಿದರೆ ಕ್ಯಾನ್ಸರ್ ಕಣ ತೂತುಗಳಿಗೆಲ್ಲ ಹರಡುತ್ತದೆ ಎಂದೂ ಆಗ ಹೇಳುತ್ತಿದ್ದರು. ಅದಕ್ಕೆ ಯಾರಾದರೂ ಸರಿಯಾಗಿ ಉತ್ತರ ಕೊಡಿ. ನಾನು ಜಗಳಕ್ಕೆ ಕೇಳುತ್ತಿಲ್ಲ.

ಸೂಜಿದಾರ | ಸೋಮವಾರ, ಮಧ್ಯಾಹ್ನ 2:15

ಹಳೇಮರ ಸರ್, ಸರಿಯಾದ ಪ್ರಶ್ನೆ. ನಾನು ಲಿವರ್ ಸರ್ಜರಿಯಲ್ಲಿ ತರಬೇತಿ ಪಡೆಯುತ್ತಿರುವ ವೈದ್ಯ. ತಿಳಿದಷ್ಟು ಹೇಳುತ್ತೇನೆ.

1990ರ ದಶಕದ ಶುರುವಿನಲ್ಲಿ ಕೀಹೋಲ್ ಮೂಲಕ ಲಿವರ್ ಕೊಯ್ಯಲು ಶುರು ಮಾಡಿದಾಗ ನೀವು ಹೇಳಿದ ಭಯ ಎಲ್ಲರಿಗೂ ಇತ್ತು. ಹಾಗಾಗಿ ಬಹಳ ವರ್ಷ ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲೇ ಕೈ ಪಳಗಿಸಿದರು. ಈಗ ಗಡ್ಡೆಯನ್ನು ನೇರವಾಗಿ ಹಿಡಿಯುವುದೇ ಇಲ್ಲ. ಸುತ್ತಲಿನ ಒಳ್ಳೆಯ ಲಿವರ್ ಹಿಡಿದು ಕೊಯ್ಯುತ್ತೇವೆ. ಕೊಯ್ದ ತುಂಡನ್ನು ಒಳಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ನಂತರ ಹೊರಗೆ ಎಳೆಯುತ್ತೇವೆ. ತುಂಡು ಗಾಯದ ಅಂಚಿಗೆ ತಾಗುವುದಿಲ್ಲ. ಪುಡಿ ಮಾಡಿ ತೆಗೆಯುವುದೂ ಇಲ್ಲ. ಹಾಗೆ ಮಾಡಿದರೆ ಅಂಚು ಎಷ್ಟಿತ್ತು ಎಂದು ತುಂಡನ್ನು ಪರೀಕ್ಷಿಸುವ ಪೆಥಾಲಜಿಯವರು ಅಳೆಯುವುದು ಹೇಗೆ? ಅದಕ್ಕೇ ನೀಲಿಶಾಯಿ ಅವರಿಗೆ ಕಿಬ್ಬೊಟ್ಟೆಯಲ್ಲಿ ಆ ಉದ್ದ ಗೆರೆ.

2008ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಜಗತ್ತಿನ ಲಿವರ್ ಸರ್ಜನ್‌ಗಳು ಕೂತು ಒಂದು ಒಮ್ಮತಕ್ಕೆ ಬಂದರು. ಗಡ್ಡೆ ಒಂದೇ ಇರಬೇಕು, 5 ಸೆಂ.ಮೀ. ಒಳಗಿರಬೇಕು, 2ರಿಂದ 6ನೇ ಸೆಗ್ಮೆಂಟಿನಲ್ಲಿರಬೇಕು. ಅಂಥದ್ದು ಕೀಹೋಲ್‌ಗೆ ಚೆನ್ನಾಗಿ ಒಗ್ಗುತ್ತದೆ ಎಂದರು. ಮಳೆಹನಿ ಅವರ ಅಪ್ಪನ ಗಡ್ಡೆ ಮೂರಕ್ಕೂ ಸರಿಹೊಂದುತ್ತದೆ, ಗಮನಿಸಿ. 2014ರಲ್ಲಿ ಜಪಾನಿನ ಮೊರಿಯೋಕಾದಲ್ಲಿ ಮತ್ತೆ ಸೇರಿದಾಗ, ಸಣ್ಣ ಪ್ರಮಾಣದ ಕೊಯ್ತಕ್ಕೆ ಇದು ಸಾಮಾನ್ಯ ಪದ್ಧತಿ ಎಂದೇ ಒಪ್ಪಿದರು. ಅರ್ಧ ಲಿವರ್ ತೆಗೆಯುವಂಥ ದೊಡ್ಡದಕ್ಕೆ ಮಾತ್ರ ಇನ್ನೂ ಎಚ್ಚರ ಬೇಕು ಎಂದರು.

ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನವೂ ಇದೆ. ನಾರ್ವೆಯ ಓಸ್ಲೋದಲ್ಲಿ 280 ಜನ. ತೆರೆದು ಮಾಡಿದವರಲ್ಲಿ ಶೇ 31 ಮಂದಿಗೆ ತೊಡಕು ಬಂತು, ಕೀಹೋಲ್‌ನಲ್ಲಿ ಶೇ 19. ಆಸ್ಪತ್ರೆಯಲ್ಲಿದ್ದದ್ದು 96 ಗಂಟೆಯ ಬದಲು 53 ಗಂಟೆ. ಐದು ವರ್ಷ ಆದ ಮೇಲೆ ಬದುಕಿದ್ದವರು ಎರಡೂ ಕಡೆ ಹೆಚ್ಚುಕಮ್ಮಿ ಸಮ, ಶೇ 54 ಮತ್ತು ಶೇ 55. ಒಂದು ವಿಷಯ ಮುಚ್ಚಿಡಬಾರದು. ಇವರೆಲ್ಲ ದೊಡ್ಡಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದವರು. ಲಿವರಿನಲ್ಲೇ ಹುಟ್ಟಿದ ಕ್ಯಾನ್ಸರ್ ಬೇರೆ. ಅಂಕಿಯನ್ನು ಹಾಗೇ ಎತ್ತಿ ಅಪ್ಪನಿಗೆ ಅಂಟಿಸಬೇಡಿ.

ಆದರೆ ಸಿರೋಸಿಸ್ ಇದ್ದವರಿಗೆ ಕೀಹೋಲ್‌ನಿಂದ ಒಂದು ವಿಶೇಷ ಲಾಭ ಇದೆ. ಲಿವರ್ ಗಟ್ಟಿಯಾದಾಗ ರಕ್ತ ಅಡ್ಡದಾರಿ ಹುಡುಕುತ್ತದೆ. ಹೊಟ್ಟೆಯ ಗೋಡೆಯಲ್ಲಿ ಹೊಸ ನಾಳಗಳು ತೆರೆದುಕೊಳ್ಳುತ್ತವೆ. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದರೆ ಆ ದಾರಿಗಳೆಲ್ಲ ಕಡಿದುಹೋಗುತ್ತವೆ. ಆಮೇಲೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ತೂತುಗಳಾದರೆ ಆ ನಾಳಗಳು ಹೆಚ್ಚುಪಾಲು ಉಳಿಯುತ್ತವೆ. ವಾರ್ಡಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಇದು ಗಾಯದ ಅಂದದ ಮಾತಲ್ಲ ಸರ್.

ಹಳೇಮರ | ಸೋಮವಾರ, ಸಂಜೆ 6:03

ಚೀಲದ ವಿಷಯ ಗೊತ್ತಿರಲಿಲ್ಲ. ಹೊಟ್ಟೆಯ ಗೋಡೆಯ ನಾಳದ ವಿಷಯವೂ ಹೊಸತು. ಧನ್ಯವಾದ ಡಾಕ್ಟ್ರೇ. ಆದರೂ ಒಂದು ಕೇಳಲೇಬೇಕು. ಅಧ್ಯಯನ ಮಾಡಿದ ಸರ್ಜನ್‌ಗಳೆಲ್ಲ ಪಳಗಿದ ಕೈಗಳು, ಅಲ್ವಾ? ಈಗಷ್ಟೇ ಕಲಿತವರು ಮಾಡಿದರೆ ಅದೇ ಫಲ ಬರುತ್ತದಾ?

ಸೂಜಿದಾರ | ಸೋಮವಾರ, ಸಂಜೆ 6:40

ಬರುವುದಿಲ್ಲ ಸರ್. ಇದು ಕೈಗೆ ಕೂರಲು ಹತ್ತಾರು ಆಪರೇಷನ್ ಬೇಕು. ಅದಕ್ಕೇ ಮಳೆಹನಿ ಅವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಡಾಕ್ಟ್ರೇ, ಸಿರೋಸಿಸ್ ಇರುವ ಲಿವರಿನಲ್ಲಿ ಇಂಥದ್ದು ಎಷ್ಟು ಮಾಡಿದ್ದೀರಿ? ಅದರಲ್ಲಿ ಎಷ್ಟು ಸಲ ತೆರೆಯಬೇಕಾಯಿತು?" ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ಒಬ್ಬ ಸರ್ಜನ್‌ಗೆ ತೆರೆದು ಮಾಡುವುದು ಚೆನ್ನಾಗಿ ಗೊತ್ತು, ಕೀಹೋಲ್ ಅಷ್ಟಾಗಿ ಅಭ್ಯಾಸ ಇಲ್ಲ ಎಂದಾದರೆ, ಅವರ ಕೈಯಲ್ಲಿ ತೆರೆದ ಆಪರೇಷನ್ನೇ ಒಳ್ಳೆಯದು.

ತುಂಬೆಹೂ | ಸೋಮವಾರ, ರಾತ್ರಿ 8:22

ಕೊಯ್ಯಲೇಬೇಕಾ? ಸೂಜಿ ಚುಚ್ಚಿ ಸುಟ್ಟುಬಿಡುವ ಚಿಕಿತ್ಸೆ ಇದೆಯಂತಲ್ಲ. ನಮ್ಮ ಅತ್ತೆಗೆ ಅದನ್ನೇ ಮಾಡಿದರು, ಮಾರನೇ ದಿನ ಮನೆಗೆ ಬಂದರು.

ಸ್ಕ್ಯಾನ್ ರೂಮ್ | ಸೋಮವಾರ, ರಾತ್ರಿ 9:47

ನಾನು ರೇಡಿಯಾಲಜಿ ವೈದ್ಯೆ. ಸೂಜಿ ಹಾಕಿ ಸುಡುವುದು ನಮ್ಮದೇ ಕೆಲಸ. ಅದಕ್ಕೇ ಪಕ್ಷಪಾತ ಇಲ್ಲದೆ ಹೇಳಲು ಪ್ರಯತ್ನಿಸುತ್ತೇನೆ.

ಗಡ್ಡೆ 2 ಸೆಂ.ಮೀ. ಒಳಗಿದ್ದರೆ ಸುಡುವುದು ಆಪರೇಷನ್ನಿಗೆ ಸರಿಸಾಟಿಯಾಗಿ ನಿಲ್ಲುತ್ತದೆ. 3 ಸೆಂ.ಮೀ.ವರೆಗೂ ಒಳ್ಳೆಯ ಆಯ್ಕೆ. ಅದರ ಮೇಲೆ ಹೋದಂತೆ ಅಂಚಿನಲ್ಲಿ ಸುಡದೆ ಉಳಿಯುವ ಸಾಧ್ಯತೆ ಜಾಸ್ತಿಯಾಗುತ್ತದೆ. ಏಕೆಂದರೆ ಗಡ್ಡೆಯಷ್ಟೇ ಸುಟ್ಟರೆ ಸಾಲದು, ಅದರ ಸುತ್ತ ಒಂದು ಉಂಗುರದಷ್ಟು ಒಳ್ಳೆಯ ಲಿವರೂ ಸುಡಬೇಕು. ಪಕ್ಕದಲ್ಲಿ ದೊಡ್ಡ ರಕ್ತನಾಳ ಇದ್ದರೆ ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ಯುತ್ತದೆ, ಆ ಬದಿ ಹಸಿಯಾಗಿಯೇ ಉಳಿಯುತ್ತದೆ. ಮೈಕ್ರೋವೇವ್‌ನಿಂದ ಸುಡುವ ಸೂಜಿ ಬಂದ ಮೇಲೆ ಇದು ಸ್ವಲ್ಪ ಸುಧಾರಿಸಿದೆ. ಕರುಳಿಗೆ ಅಂಟಿಕೊಂಡ ಹಾಗೆ ಗಡ್ಡೆ ಇದ್ದರೆ ಕರುಳು ಸುಡುವ ಭಯ. ಆರನೇ ಸೆಗ್ಮೆಂಟ್ ದೊಡ್ಡಕರುಳಿನ ಪಕ್ಕದಲ್ಲೇ ಇರುವುದರಿಂದ ಇದನ್ನೂ ನೋಡಬೇಕಾಗುತ್ತದೆ. 3.2 ಸೆಂ.ಮೀ., ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಜಾಗ ಕೈಗೆ ಸಿಗುವಂಥದ್ದು. ಇಷ್ಟಿದ್ದರೆ ನಾನೂ ಸರ್ಜನ್ ಕಡೆಗೇ ಕಳಿಸುತ್ತೇನೆ.

ಮಳೆಹನಿ, ಬಯಾಪ್ಸಿ ಮಾಡದೆ ಕ್ಯಾನ್ಸರ್ ಅಂದುಬಿಟ್ಟರಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ನಿಮಗೂ ಅನಿಸಿದ್ದರೆ ಕೇಳಿ. ಸಿರೋಸಿಸ್ ಇದ್ದವರಲ್ಲಿ ಗಡ್ಡೆ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣಲು ರಕ್ತಕ್ಕೆ ಕೊಡುವ ಔಷಧಿ) ಕೊಟ್ಟ ಕೂಡಲೇ ಮಿಂಚಿ, ಸ್ವಲ್ಪ ಹೊತ್ತಿಗೆ ಸುತ್ತಲಿನ ಲಿವರಿಗಿಂತ ಕಪ್ಪಾದರೆ, ಅದು ಲಿವರ್ ಕ್ಯಾನ್ಸರಿನದೇ ಗುರುತು. ಕ್ಯಾನ್ಸರ್ ಗಡ್ಡೆಗೆ ರಕ್ತ ಹೆಚ್ಚಾಗಿ ಅಪಧಮನಿಯಿಂದ ಬರುತ್ತದೆ, ಒಳ್ಳೆಯ ಲಿವರಿಗೆ ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯಿಂದ. ಆ ವ್ಯತ್ಯಾಸ ಸಿಟಿಯಲ್ಲೇ ಕಾಣುತ್ತದೆ. ಸೂಜಿ ಹಾಕಿದರೆ ಆ ದಾರಿಯಲ್ಲಿ ಕಣ ಬೀಳುವ ಚಿಕ್ಕ ಅಪಾಯವೂ ಇದೆ. ಚಿತ್ರ ಸ್ಪಷ್ಟ ಇದ್ದಾಗ ಆ ಅಪಾಯ ಯಾಕೆ?

ದಾರಿದೀಪ | ಮಂಗಳವಾರ, ಬೆಳಿಗ್ಗೆ 6:15

ನನ್ನದು ಸ್ವಲ್ಪ ಬೇರೆ ಕಥೆ. ಹೇಳದೆ ಇದ್ದರೆ ತಪ್ಪಾಗುತ್ತದೆ.

ನಮ್ಮ ಯಜಮಾನರಿಗೆ ಎಂಟನೇ ಸೆಗ್ಮೆಂಟಿನಲ್ಲಿ ಗಡ್ಡೆ. ಅಂದರೆ ಮೇಲೆ, ವಪೆಯ ಕೆಳಗೆ, ಪಕ್ಕೆಲುಬಿನ ಗೂಡಿನೊಳಗೆ. ಕೀಹೋಲ್ ಎಂದೇ ಒಳಗೆ ಕರೆದುಕೊಂಡು ಹೋದರು. ಎರಡೂವರೆ ಗಂಟೆ ಆದ ಮೇಲೆ ಒಬ್ಬ ಡಾಕ್ಟರು ಹೊರಗೆ ಬಂದರು. ಮಾಸ್ಕ್ ಗದ್ದಕ್ಕೆ ಇಳಿಸಿ, "ಒಂದು ಅಭಿಧಮನಿಯಿಂದ ರಕ್ತ ಬರುತ್ತಿದೆ, ಹಿಡಿತಕ್ಕೆ ಸಿಗುತ್ತಿಲ್ಲ, ತೆರೆಯುತ್ತಿದ್ದೇವೆ" ಎಂದರು. ನನ್ನ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಎಲ್ಲ ಮುಗಿಯಿತು ಎಂದುಕೊಂಡೆ. ಸಹಿ ಹಾಕಿದ ಕಾಗದದಲ್ಲಿ "ಅಗತ್ಯವಿದ್ದರೆ ತೆರೆಯಬಹುದು" ಎಂದು ಬರೆದಿತ್ತು. ಆದರೆ ಯಾರೂ ಅದನ್ನು ಕೂತು ವಿವರಿಸಿರಲಿಲ್ಲ. ಆ ಸಿಟ್ಟು ನನಗೆ ಈಗಲೂ ಇದೆ.

ಯಜಮಾನರು ಉಳಿದರು. ಗಡ್ಡೆಯೂ ಪೂರ್ತಿ ಬಂತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಆಮೇಲೆ ಆ ಡಾಕ್ಟರೇ ಹೇಳಿದರು, ತೆರೆಯಬೇಕು ಎಂದು ಹೊತ್ತಿಗೆ ಸರಿಯಾಗಿ ತೀರ್ಮಾನ ಮಾಡುವುದೂ ಸರ್ಜನ್ ಕೆಲಸವೇ ಎಂದು. ಈಗ ಒಪ್ಪುತ್ತೇನೆ. ಮಳೆಹನಿ, ತೆರೆಯಬೇಕಾದರೆ ಯಾವ ಕಾರಣಕ್ಕೆ ತೆರೆಯುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ. ಹೊರಗೆ ಕೂತ ಮನೆಯವರಿಗೂ ಹೇಳಿಡಿ.

ಓಟಿ ಸಿಸ್ಟರ್ | ಮಂಗಳವಾರ, ರಾತ್ರಿ 10:20

ದಾರಿದೀಪ ಅಕ್ಕ, ನೀವು ಬರೆದದ್ದು ಓದಿ ಗಂಟಲು ಕಟ್ಟಿತು. ಒಳಗೆ ನಿಂತವರಿಗೆ ಹೊರಗಿನ ಆ ನಿಮಿಷ ಗೊತ್ತಾಗುವುದಿಲ್ಲ.

ನಾವು ಹೊಟ್ಟೆ ತೆರೆಯಲು ಬೇಕಾದ ಉಪಕರಣಗಳ ಟ್ರೇಯನ್ನು ಕೀಹೋಲ್ ಶುರುವಾಗುವ ಮೊದಲೇ ಎಣಿಸಿ ಪಕ್ಕದಲ್ಲಿ ಇಟ್ಟುಕೊಂಡಿರುತ್ತೇವೆ. ಯಾವಾಗಲೂ. ಏಳು, ಎಂಟು, ಒಂದನೇ ಸೆಗ್ಮೆಂಟುಗಳು ಕಷ್ಟದ ಜಾಗ. ಉಪಕರಣ ನೆಟ್ಟಗೆ ಹೋಗುತ್ತದೆ, ಕೊಯ್ತ ಬಾಗಬೇಕು. ಆರು ಅಷ್ಟು ಕಷ್ಟ ಅಲ್ಲ.

ಮೊನ್ನೆ ಬಿಟ್ಟ ಇನ್ನೊಂದು ವಿಷಯ. ಹಸಿರು ಬಣ್ಣದ ಔಷಧಿ, ಐಸಿಜಿ ಎನ್ನುತ್ತಾರೆ. ರಕ್ತಕ್ಕೆ ಕೊಟ್ಟರೆ ಅದನ್ನು ಹೊರಹಾಕುವುದು ಲಿವರ್ ಮಾತ್ರ. ಸರ್ಜನ್ ಮೊದಲು ಆ ಸೆಗ್ಮೆಂಟಿಗೆ ಹೋಗುವ ನಾಳ ಮುಚ್ಚುತ್ತಾರೆ. ಆಮೇಲೆ ಐಸಿಜಿ ಕೊಟ್ಟು ಕ್ಯಾಮೆರಾ ಬದಲಿಸುತ್ತಾರೆ. ಇಡೀ ಲಿವರ್ ಹಸಿರಾಗಿ ಹೊಳೆಯುತ್ತದೆ, ತೆಗೆಯಬೇಕಾದ ಭಾಗ ಮಾತ್ರ ಕಪ್ಪಾಗಿ ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಕ್ಲಿಪ್ ಕೊಡುವುದನ್ನೇ ಮರೆತು ನಿಂತಿದ್ದೆ. ಲಿವರಿನ ಮೇಲೆ ಬರಿಗಣ್ಣಿಗೆ ಗಡಿ ಕಾಣುವುದಿಲ್ಲ. ಎಂಟು ಸೆಗ್ಮೆಂಟು ಎಂದು 1950ರ ದಶಕದಲ್ಲಿ ಕ್ವಿನೋ ಎಂಬ ಫ್ರೆಂಚ್ ವೈದ್ಯರು ಒಳಗಿನ ನಾಳಗಳ ಕವಲು ನೋಡಿ ಗುರುತಿಸಿದ್ದು. ಆ ಕಾಣದ ಗಡಿ ಆವತ್ತು ಪರದೆಯ ಮೇಲೆ ಎದ್ದು ಬಂದ ಹಾಗಿತ್ತು. ಹೆಚ್ಚು ಆಳಕ್ಕೆ ಕಾಣುವುದಿಲ್ಲ, ಮೇಲಿನ ಒಂದು ಸೆಂ.ಮೀ. ಒಳಗಷ್ಟೇ. ಅದಕ್ಕೇ ಅಲ್ಟ್ರಾಸೌಂಡ್ ಬಿಡುವ ಹಾಗಿಲ್ಲ.

ನೀಲಿಶಾಯಿ | ಮಂಗಳವಾರ, ರಾತ್ರಿ 10:41

ಸಿಸ್ಟರ್, ರೋಬೋಟ್ ಇದ್ದರೆ ಇನ್ನೂ ಒಳ್ಳೆಯದಾ?

ಸೂಜಿದಾರ | ಮಂಗಳವಾರ, ರಾತ್ರಿ 11:05

ಸಿಸ್ಟರ್ ಬದಲು ನಾನು ಹೇಳುತ್ತೇನೆ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಸರ್ಜನ್ ಕೈಯಾಡಿಸಿದ ಹಾಗೆ ಅದರ ಕೈ ಆಡುತ್ತದೆ. ಮಣಿಕಟ್ಟಿನ ಹಾಗೆ ಬಾಗುತ್ತದೆ, ಹೊಲಿಗೆ ಹಾಕಲು, ಏಳು ಎಂಟನೇ ಸೆಗ್ಮೆಂಟಿನ ಮೂಲೆಗೆ ಹೋಗಲು ಅನುಕೂಲ. ಆರನೇ ಸೆಗ್ಮೆಂಟಿನ ಈ ಗಡ್ಡೆಗೆ ಅದನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮಳೆಹನಿ | ಶುಕ್ರವಾರ, ರಾತ್ರಿ 9:30

ಇವತ್ತು ಸರ್ಜನ್ ಹತ್ತಿರ ಹೋಗಿದ್ದೆವು. ದೊಡ್ಡಪ್ಪನನ್ನೂ ಕರೆದುಕೊಂಡು ಹೋದೆ. ನೀವೆಲ್ಲ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ.

ಎಷ್ಟು ಮಾಡಿದ್ದೀರಿ ಎಂದು ಕೇಳಿದಾಗ ನನ್ನ ಧ್ವನಿ ನಡುಗಿತು. ಅವರು ನಕ್ಕು, "ಇದನ್ನು ಎಲ್ಲರೂ ಕೇಳಬೇಕಮ್ಮ" ಎಂದು ಲೆಕ್ಕ ಹೇಳಿದರು. ತೆರೆಯಬೇಕಾಗಿ ಬಂದದ್ದನ್ನೂ ಹೇಳಿದರು. ಒಳಗೆ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ರಕ್ತ ನಿಲ್ಲದಿದ್ದರೆ, ಅಂಚು ಸರಿಯಾಗಿ ಕಾಣದಿದ್ದರೆ, ಒಂದು ಕ್ಷಣವೂ ಯೋಚಿಸದೆ ತೆರೆಯುತ್ತೇನೆ ಎಂದರು. ದೊಡ್ಡಪ್ಪ ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದವರು ಆಗ ಮುಂದೆ ಬಾಗಿದರು.

ಆದರೆ ಅವರು ಹೆಚ್ಚು ಹೊತ್ತು ಮಾತಾಡಿದ್ದು ತೂತಿನ ಬಗ್ಗೆ ಅಲ್ಲ, ಉಳಿಯುವ ಲಿವರಿನ ಬಗ್ಗೆ. ಒಳ್ಳೆಯ ಲಿವರ್ ಇದ್ದವರಿಗೆ ಶೇ 20ರಿಂದ 25 ಉಳಿದರೂ ಸಾಕಂತೆ. ಸಿರೋಸಿಸ್ ಇದ್ದರೆ ಶೇ 40 ಆದರೂ ಬೇಕು. ಅಪ್ಪನಿಗೆ ಶೇ 80ಕ್ಕಿಂತ ಜಾಸ್ತಿ ಉಳಿಯುತ್ತದೆ. ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಹೊತ್ತು, ಹೊಟ್ಟೆಯಲ್ಲಿ ನೀರು, ಮಂಪರು ಇವನ್ನೆಲ್ಲ ಸೇರಿಸಿ ಎ, ಬಿ, ಸಿ ಎಂದು ಗುರುತು ಹಾಕುತ್ತಾರಂತೆ, ಅಪ್ಪ ಎ. ಪ್ಲೇಟ್‌ಲೆಟ್ 1,40,000. ಗುಲ್ಮ ಅಷ್ಟಾಗಿ ಊದಿಲ್ಲ. ಅನ್ನನಾಳದಲ್ಲಿ ನಾಳ ಉಬ್ಬಿಲ್ಲ ಎಂದು ಎಂಡೋಸ್ಕೋಪಿ ಮಾಡಿ ನೋಡಿದ್ದಾರೆ. "ಇದು ಸರಿ ಇಲ್ಲದಿದ್ದರೆ ನಾನು ತೂತೂ ಮಾಡುತ್ತಿರಲಿಲ್ಲ, ತೆರೆಯುತ್ತಲೂ ಇರಲಿಲ್ಲ. ಬೇರೆ ದಾರಿ ಹೇಳುತ್ತಿದ್ದೆ" ಎಂದರು.

ಲಿವರ್ ಕಸಿ ಬಗ್ಗೆಯೂ ಕೇಳಿದೆ. ಒಂದೇ ಗಡ್ಡೆ 5 ಸೆಂ.ಮೀ. ಒಳಗೆ, ಅಥವಾ ಮೂರರವರೆಗೆ ಇದ್ದು ಒಂದೊಂದೂ 3 ಸೆಂ.ಮೀ. ಒಳಗೆ ಇದ್ದರೆ ಕಸಿ ಮಾಡಬಹುದು ಎಂದು 1996ರಿಂದ ಮಿಲಾನ್ ಹೆಸರಿನ ಅಳತೆ ಇದೆಯಂತೆ. ಅಪ್ಪ ಅದರೊಳಗೇ ಬರುತ್ತಾರೆ. ಆದರೆ ಲಿವರ್ ಇಷ್ಟು ಕೆಲಸ ಮಾಡುತ್ತಿರುವಾಗ ಮೊದಲು ಗಡ್ಡೆ ತೆಗೆಯೋಣ, ಮುಂದೆ ಬೇಕಾದರೆ ಆ ಬಾಗಿಲು ಇದ್ದೇ ಇದೆ ಎಂದರು. ಮೊದಲ ಆಪರೇಷನ್ ಕೀಹೋಲ್‌ನಲ್ಲಿ ಮಾಡಿದ್ದರೆ ಒಳಗೆ ಅಂಟು ಕಮ್ಮಿ, ಎರಡನೇ ಸಲ ಒಳಹೋಗುವುದು ಸುಲಭ ಎಂದೂ ಹೇಳಿದರು. ಎರಡನೇ ಸಲ ಎಂಬ ಮಾತು ಕೇಳಿ ಅಪ್ಪ ನನ್ನ ಮುಖ ನೋಡಿದರು.

ಹೊರಗೆ ಬಂದ ಮೇಲೆ ದೊಡ್ಡಪ್ಪ "ಆಯ್ತು, ಮಾಡಿಸು" ಎಂದರು. ಅಷ್ಟೇ.

ಹಳೇಮರ | ಶುಕ್ರವಾರ, ರಾತ್ರಿ 10:02

ಒಳ್ಳೆಯದಾಯಿತು ಮಗಳೇ. ನನ್ನ ಅನುಮಾನವೂ ಕಮ್ಮಿಯಾಯಿತು. ಆ ದಿನ ಬರೆಯುತ್ತಿರು.

ಮಳೆಹನಿ | ಶುಕ್ರವಾರ, ಮಧ್ಯಾಹ್ನ 12:48

ಇವತ್ತೇ ಆಪರೇಷನ್. ಎಂಟು ಗಂಟೆಗೆ ಒಳಗೆ ಹೋದರು. ಹೋಗುವಾಗ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನು ಹಿಡಿದುಕೊಂಡೇ ಕೂತಿದ್ದೇನೆ. ಗಾಜಿನ ಮೇಲೆ ಅವರ ಹೆಬ್ಬೆರಳಿನ ಗುರುತಿದೆ, ಒರೆಸಲು ಮನಸ್ಸಾಗುತ್ತಿಲ್ಲ. ಬಾಗಿಲು ತೆರೆದಾಗಲೆಲ್ಲ ದಾರಿದೀಪ ಅಕ್ಕನ ನೆನಪಾಗುತ್ತಿದೆ.

ದಾರಿದೀಪ | ಶುಕ್ರವಾರ, ಮಧ್ಯಾಹ್ನ 12:55

ಇಲ್ಲೇ ಇದ್ದೇನೆ ಮಗಳೇ. ಏನು ಬರೆಯಬೇಕು ಅನಿಸಿದರೂ ಬರಿ.

ಮಳೆಹನಿ | ಶುಕ್ರವಾರ, ಮಧ್ಯಾಹ್ನ 2:20

ಮುಗಿಯಿತು. ತೆರೆಯಲಿಲ್ಲ. ರಕ್ತ ಕೊಡಬೇಕಾಗಲಿಲ್ಲ. ಸರ್ಜನ್ ತೆಗೆದ ತುಂಡಿನ ಫೋಟೋ ತೋರಿಸಿದರು. ಕಂದು ಲಿವರಿನ ನಡುವೆ ಹಳದಿ ಬಿಳುಪಿನ ಉಂಡೆ. ಹದಿನೈದು ವರ್ಷ ಯಾವುದಕ್ಕೆ ಹೆದರುತ್ತಿದ್ದೆವೋ ಅದು ಇಷ್ಟೇನಾ ಅನಿಸಿತು.

ಮಳೆಹನಿ | ಗುರುವಾರ, ರಾತ್ರಿ 8:15

ಅಪ್ಪ ಐದನೇ ದಿನ ಮನೆಗೆ ಬಂದರು. ಭುಜ ನೋವು ಬಂತು, ನೀಲಿಶಾಯಿ ಅಣ್ಣ. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಹೊಟ್ಟೆಯೊಳಗಿನ ನೀರು ಕೊಳವೆಯಿಂದ ಬಂದು ಬೀಳುವ ಡ್ರೈನ್ ಬಾಟಲಿಯ ಬಣ್ಣ ನಾನು ದಿನಾ ನೋಡುತ್ತಿದ್ದೆ. ಹಸಿರು ಹಳದಿ ಬಂದರೆ ಪಿತ್ತ ಸೋರುತ್ತಿದೆ ಎಂದು ಅರ್ಥವಂತೆ. ಬರಲಿಲ್ಲ. ತೆಳು ಕೆಂಪು, ಆಮೇಲೆ ತಿಳಿ. ಮೂರನೇ ದಿನ ತೆಗೆದರು.

ಪೆಥಾಲಜಿ ರಿಪೋರ್ಟ್ ಇವತ್ತು ಸಿಕ್ಕಿತು. ಅಂಚು ಶುದ್ಧ, ಹತ್ತಿರದ ಜಾಗದಲ್ಲಿ 1.1 ಸೆಂ.ಮೀ. ಆದರೆ ಗಡ್ಡೆಯ ಪಕ್ಕದ ಸೂಕ್ಷ್ಮ ರಕ್ತನಾಳದೊಳಗೆ ಒಂದೆರಡು ಕಡೆ ಕಣಗಳು ಕಂಡಿವೆ ಎಂದು ಬರೆದಿದೆ. ಇದರ ಅರ್ಥ ಏನು?

ಸೂಜಿದಾರ | ಗುರುವಾರ, ರಾತ್ರಿ 9:00

ಅಂಚು ಚೆನ್ನಾಗಿದೆ. ಸೂಕ್ಷ್ಮನಾಳದ ವಿಷಯ ಇದ್ದವರಲ್ಲಿ ಮರಳಿ ಬರುವ ಸಾಧ್ಯತೆ ಜಾಸ್ತಿ. ಅದನ್ನು ಮರೆಮಾಚಿ ಹೇಳಲಾರೆ. ಲಿವರ್ ಕ್ಯಾನ್ಸರ್ ತೆಗೆದ ಐದು ವರ್ಷದೊಳಗೆ ಶೇ 70ರವರೆಗೂ ಮತ್ತೆ ಕಾಣಿಸಿಕೊಳ್ಳಬಹುದು. ಹೇಗೆ ತೆಗೆದರೂ ಈ ಸಾಧ್ಯತೆ ಇದ್ದೇ ಇರುತ್ತದೆ, ಏಕೆಂದರೆ ಉಳಿದ ಲಿವರೂ ಅದೇ ಸಿರೋಸಿಸ್ ಲಿವರ್. ಹಾಗಾಗಿ ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ, ಜೊತೆಗೆ ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ರಕ್ತ ಪರೀಕ್ಷೆ. ಬೇಗ ಸಿಕ್ಕರೆ ಸುಡಬಹುದು, ಮತ್ತೆ ತೆಗೆಯಬಹುದು, ಕಸಿಯೂ ಇದೆ. ಹೆಪಟೈಟಿಸ್ ಬಿ ಮಾತ್ರೆ ಒಂದು ದಿನವೂ ಬಿಡಬಾರದು. ವೈರಸ್ ಹದ್ದುಬಸ್ತಿನಲ್ಲಿದ್ದರೆ ಮರಳುವ ಸಾಧ್ಯತೆ ಕಮ್ಮಿಯಾಗುತ್ತದೆ.

ಓಟಿ ಸಿಸ್ಟರ್ | ಗುರುವಾರ, ರಾತ್ರಿ 9:34

ಮಳೆಹನಿ, ಒಂದು ಕೇಳಬೇಕೆಂದು ಬಹಳ ದಿನದಿಂದ ಇದೆ. ಅಪ್ಪನಿಗೆ ವೈರಸ್ ಎಲ್ಲಿಂದ ಬಂತು ಎಂದು ಯಾರಾದರೂ ಯೋಚಿಸಿದ್ದೀರಾ? ಆ ತಲೆಮಾರಿನವರಲ್ಲಿ ಎಷ್ಟೋ ಸಲ ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಬಂದಿರುತ್ತದೆ. ಆಗ ಲಸಿಕೆಯೇ ಇರಲಿಲ್ಲ. ಹಾಗಿದ್ದರೆ ಅದೇ ತಾಯಿಯ ಬೇರೆ ಮಕ್ಕಳು? ನಿಮ್ಮ ದೊಡ್ಡಪ್ಪ ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದಾರಾ? ನೀವೂ ಮನೆಯವರೂ ಮಾಡಿಸಿ. ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬಹುದು.

ಮಳೆಹನಿ | ಗುರುವಾರ, ರಾತ್ರಿ 9:41

ಇಲ್ಲ ಸಿಸ್ಟರ್. ಯಾರೂ ಮಾಡಿಸಿಲ್ಲ. ಹದಿನೈದು ವರ್ಷದಲ್ಲಿ ಒಬ್ಬರಿಗೂ ಹೊಳೆದಿಲ್ಲ.

ಮಳೆಹನಿ | ಬುಧವಾರ, ಸಂಜೆ 5:50

ರಿಪೋರ್ಟ್ ಬಂತು. ಅಮ್ಮ, ನಾನು, ತಮ್ಮ ಮೂವರದೂ ನೆಗೆಟಿವ್. ಲಸಿಕೆಯ ಮೊದಲ ಡೋಸ್ ಇವತ್ತೇ ಹಾಕಿಸಿಕೊಂಡೆವು.

ದೊಡ್ಡಪ್ಪನದು ಪಾಸಿಟಿವ್. ಅವರಿಗೆ 66. ಈವರೆಗೆ ಒಂದು ಸಲವೂ ಲಿವರ್ ಸ್ಕ್ಯಾನ್ ಆಗಿಲ್ಲ. ರಿಪೋರ್ಟ್ ಮಡಚಿ ಜೇಬಿಗೆ ಇಟ್ಟುಕೊಂಡರು, ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಪಕ್ಕ ಹೋಗಿ ಕೂತು, "ಆ ತೂತು ಈಗಲೂ ನೋಯುತ್ತದಾ?" ಎಂದು ಕೇಳಿದರು. ಅಪ್ಪ ಅಂಗಿ ಎತ್ತಿ ತೋರಿಸಿದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡಪ್ಪನ ಸ್ಕ್ಯಾನ್. ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅಪ್ಪನೂ ಬರುತ್ತೇನೆ ಎಂದಿದ್ದಾರೆ.